ಹುಲ್ಲಿನ ಬಾಲ

ವರ್ಷವಿಡೀ ನಾನು ಕುದುರೆ ಹಿಡಿಯುವವನು.
ಈ ಒಂದು ದಿನ ಕುದುರೆ.

ಬೆಳಿಗ್ಗೆ ಆರಕ್ಕೇ ಬಂದರು ಅತಿಥಿಗಳು,
ಕೈಯಲ್ಲಿ ಕಾಫಿ, ಕಾಲಿಗೆ ಹೊಸ ಬೂಟು.
ಬೆಳ್ಯಪ್ಪ ಸಾವುಕಾರರು ಜಗಲಿಯಲ್ಲಿ ನಿಂತು
ಎಲ್ಲರಿಗೂ ಹೇಳುವುದನ್ನೇ ಹೇಳಿದರು:
"ಇವಳು ಮೈಸೂರಿನ ರೇಸಿನಲ್ಲಿ ಓಡಿದವಳು. ಒಮ್ಮೆ ಗೆದ್ದವಳು."
ಗೆದ್ದದ್ದು ನಾನು ನೋಡಿಲ್ಲ.
ಲಾರಿಯಿಂದ ಇಳಿದಾಗ ಮುಂಗಾಲು ಊದಿದ್ದು ನೋಡಿದ್ದೇನೆ,
ಬೆಲ್ಲ ತೋರಿಸಿದರೂ ಕಿವಿ ಹಿಂದಕ್ಕೆ ಮಡಚಿದ್ದು.
ಕಾಗದದಲ್ಲಿ ಅವಳ ಹೆಸರು ಸನ್‌ಸೆಟ್ ಲೇಡಿ.
ನನ್ನ ಬಾಯಿಗೆ ಹೊಂದಲಿಲ್ಲ, ಕಂಚಿ ಅಂದೆ.
ಮೂರನೇ ದಿನ ತಿರುಗಿ ನೋಡಿದಳು.

ಬಿರುನಾಣಿಯ ಏರಿನಲ್ಲಿ ಮೊದಲು ಕಾಫಿ ತೋಟ, ಆಮೇಲೆ ಏಲಕ್ಕಿ,
ಆಮೇಲೆ ಯಾರದ್ದೂ ಅಲ್ಲದ ಮರಗಳು.
ದೇವರಕಾಡಿನ ಅಂಚಿನಲ್ಲಿ ಎಲ್ಲರನ್ನೂ ಇಳಿಸುತ್ತೇನೆ.
ಅಲ್ಲಿ ಅಯ್ಯಪ್ಪನಿಗೆ ಹರಕೆ ಬಿಟ್ಟ ಮಣ್ಣಿನ ನಾಯಿಗಳು
ಪಾಚಿ ಹೊದ್ದು ಕೂತಿವೆ, ಕೆಲವಕ್ಕೆ ಕಿವಿಯಿಲ್ಲ,
ಯಾರೋ ಶಿಳ್ಳೆ ಹಾಕಿದರೆ ಬೇಟೆಗೆ ಎದ್ದಾವು ಅನ್ನುವ ಹಾಗೆ.
ಕಂಚಿ ಅವನ್ನು ಕಂಡು ಒಮ್ಮೆಯೂ ಬೆದರಿಲ್ಲ.
ಪ್ಲಾಸ್ಟಿಕ್ ಚೀಲ ಕಂಡರೆ ಮಾತ್ರ ಬೆದರುತ್ತಾಳೆ.

ರಾಯಚೂರಿನ ಹುಡುಗಿ, ಎಂಟು ವರ್ಷವಿರಬೇಕು,
ತಡಿಯ ಮೇಲಿಂದ ಬಗ್ಗಿ ಕೇಳಿದಳು:
"ಕುದುರಿ ನಿಂತ್ಕೊಂಡೇ ನಿದ್ದಿ ಮಾಡ್ತೈತಂತ, ಹೌದೇನು?
ಹಂಗಾದ್ರ ಕನಸು ಬಿದ್ದಾಗ ಅದೂ ಬೀಳಂಗಿಲ್ಲೇನು?"
ಆರು ವರ್ಷದಲ್ಲಿ ಇಂಥದ್ದನ್ನು ಯಾರೂ ಕೇಳಿರಲಿಲ್ಲ.
ಎಷ್ಟು ಕಿಲೋಮೀಟರು, ಕಚ್ಚುತ್ತದಾ, ಸಿಗ್ನಲ್ ಎಲ್ಲಿ ಸಿಗುತ್ತದೆ,
ಇಷ್ಟೇ.
"ನೋಡಿ ಹೇಳುತ್ತೇನೆ ಮಗಾ," ಎಂದೆ.

ಮಧ್ಯಾಹ್ನದ ಮೇಲೆ ರಜೆ. ಬೇಡು ಹಬ್ಬ.
ಬಿದಿರು ಸೀಳಿ ಕಟ್ಟಿದ ಪಕ್ಕೆಲುಬು,
ಮೇಲೆ ಅಕ್ಕನ ಹಳೆಯ ಸೀರೆ,
ಕಣ್ಣಿಗೆ ಎರಡು ಸೋಡಾ ಬಿರಡೆ, ಬಾಲಕ್ಕೆ ಭತ್ತದ ಹುಲ್ಲು.
ಸೊಂಟಕ್ಕೆ ತೂಗಿಕೊಂಡೆ. ನನ್ನವೇ ಎರಡು ಕಾಲು
ನಾಲ್ಕರ ಕೆಲಸ ಮಾಡಬೇಕು.
ಪಾಲನ ಮೈಗೆ ಮಸಿ, ಬೊಳಕನಿಗೆ ಹೆಂಡತಿಯ ಲಂಗ,
ಚುಬ್ರನ ದುಡಿ, ಯಾರದೋ ಚೀನಿ, ಖಾಲಿ ಎಣ್ಣೆ ಡಬ್ಬ.

ಇವತ್ತು ಬೈಯಬಹುದು.
ಇವತ್ತಿನ ಬೈಗುಳ ದೇವರಿಗೂ ತಗಲುವುದಿಲ್ಲ, ಧಣಿಗೂ ತಗಲುವುದಿಲ್ಲ
ಅಂತ ಹಿರಿಯರು ಹೇಳುತ್ತಾರೆ.
ತಗಲುತ್ತದೆ. ನಾನು ಮುಖ ನೋಡಿದ್ದೇನೆ.

ಮೊದಲು ದೇವರನ್ನು:
ಬೇಟೆಗೆ ಬಾ ಅಂತ ಕರೆತಂದು
ಹೆಣ್ಣಿನ ಹಿಂದೆ ಹೋಗಿ
ನಮ್ಮನ್ನು ಕಾಡಿನಲ್ಲೇ ಮರೆತವನೇ!
ಆಮೇಲೆ ಸಾವುಕಾರರ ಗೇಟು:
ಸಂಬಳದ ದಿನಕ್ಕೆ ಸರಿಯಾಗಿ ಜ್ವರ ಬರಿಸಿಕೊಳ್ಳುವವನೇ!
ಅವರು ನಕ್ಕು ಐನೂರರ ನೋಟು ತೆಗೆದರು.
ಅತಿಥಿಗಳು ಫೋನು ಎತ್ತಿ ಹಿಡಿದು ಚಪ್ಪಾಳೆ ತಟ್ಟಿದರು.
"ಏನು ಹಾಗಂದರೆ?" ಎಂದು ಕೇಳಿದವರಿಗೆ
"ಜಾನಪದ" ಎಂದರು ಸಾವುಕಾರರು.

ಉಳಿದದ್ದು ಕಂಚಿ.
ಲಾಯದ ಬಾಗಿಲಿಗೆ ಕುಣಿಯುತ್ತಾ ಹೋದೆ.
ಮೂರು ರಾತ್ರಿ ಹೊಸೆದ ಬೈಗುಳ ನಾಲಿಗೆಯ ತುದಿಯಲ್ಲಿತ್ತು:
ನನ್ನ ಮಕ್ಕಳಿಗಿಂತ ಮೊದಲು ಡಾಕ್ಟರನ್ನು ಕಂಡವಳೇ,
ನನ್ನ ಮನೆ ಸೋರುವಾಗ ಹೆಂಚಿನ ಕೆಳಗೆ ಮಲಗುವವಳೇ.
ಅವಳು ಸೀರೆ ಮೂಸಿದಳು. ಬಿರಡೆ ಮೂಸಿದಳು.
ಬಿದಿರಿನ ಸಂದಿಯಿಂದ ಮೂತಿ ತೂರಿಸಿ
ನನ್ನ ಹೊಟ್ಟೆಯ ಬೆವರು ಹಿಡಿದಳು, ಒಂದು ಉಸಿರು ಬಿಟ್ಟಳು.
ಆಮೇಲೆ ಸುತ್ತಿ ಹಿಂದಕ್ಕೆ ಬಂದು
ನಿಧಾನವಾಗಿ
ನನ್ನ ಬಾಲ ತಿಂದಳು.
ಚುಬ್ರ ದುಡಿ ನಿಲ್ಲಿಸಿ ನಕ್ಕ.
ಬೈಗುಳ ಹಾಗೇ ಒಳಗೆ ಉಳಿಯಿತು, ಈಗಲೂ ಇದೆ.

ರಾತ್ರಿ ಅಲ್ಲೇ ಗೋಣಿ ಹಾಸಿ ಕೂತೆ.
ಎರಡು ಗಂಟೆಯ ಸುಮಾರಿಗೆ ಅವಳ ಕಣ್ಣುರೆಪ್ಪೆ ನಡುಗಿತು,
ಊದಿದ್ದ ಆ ಮುಂಗಾಲು
ನೆಲ ಬಿಟ್ಟು, ಎಲ್ಲಿಗೋ ಹೊರಟ ಹಾಗೆ, ಎರಡು ಸಲ ಮಡಚಿತು.
ಗೆದ್ದ ದಿನವೋ, ಲಾರಿಯ ದಿನವೋ.
ಕನಸು ಬಿತ್ತು. ಅವಳು ಬೀಳಲಿಲ್ಲ.

ಹೇಳೋಣವೆಂದು ಬೆಳಿಗ್ಗೆ ಓಡಿದೆ.
ರಾಯಚೂರಿನ ಕಾರು ಐದಕ್ಕೇ ಹೊರಟಿತ್ತಂತೆ.
ಎಂಟೂವರೆಗೆ ಹೊಸಬರು ಬಂದರು, ಕಾಲಿಗೆ ಹೊಸ ಬೂಟು.
ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು.
ಮಣ್ಣಿನ ನಾಯಿಗಳ ಕಡೆಗೆ ಕೈ ತೋರಿಸಿ,
"ಅಲ್ಲಂತೂ ಇಲ್ಲ," ಎಂದೆ.